ಬಾಗಿಲ ಕಾಗದ ಹಚ್ಚಿದ ಸ್ಪೀಕರು

ನನ್ನ ಮಗಳು ಯೊನ್‌ಸಿಲ್ ಗಂಡನ ಮನೆಯಿಂದ ಬಂದಾಗ ಒಂದು ಕೈಯಲ್ಲಿ ಬಟ್ಟೆಗಂಟು, ಕಂಕುಳಲ್ಲಿ ನಮ್ಮಪ್ಪನ ಕಾಲದ ವಾಲ್ವ್ ರೇಡಿಯೋ. ಅವಳ ತುಟಿ ಸೀಳಿತ್ತು. ರೇಡಿಯೋ ಸ್ಪೀಕರಿನ ಕಾಗದವೂ ಹರಿದು ಬಾಯಿ ಬಿಟ್ಟಿತ್ತು. ಎರಡೂ ಅಳಿಯ ದುಸಿಕನ ಒಂದೇ ಸಂಜೆಯ ಕೆಲಸ. ಹಾಡು ಕೇಳುತ್ತಾ ಅನ್ನ ಸೀಯಿಸಿದಳಂತೆ. ಮೊದಲು ರೇಡಿಯೋಗೆ ಒದ್ದನಂತೆ, ಆಮೇಲೆ ಇವಳಿಗೆ. ಅವನ ಕಾಲು ಸೇದಿಹೋಗ!

ದೇಗೂ ಊರಿನ ನಮ್ಮ ಓಣಿಯ ಹೆಂಗಸರೆಲ್ಲ ಬಂದು ಬುದ್ಧಿ ಹೇಳಿದರು. ಮದುವೆಯಾದ ಹೆಣ್ಣು ಸತ್ತರೂ ಗಂಡನ ಮನೆಯ ದೆವ್ವವಾಗಬೇಕಂತೆ. ಇದೇ ಮಾತು ಹೇಳಿ ನಮ್ಮಮ್ಮ ನನ್ನನ್ನೂ ವಾಪಸು ಅಟ್ಟಿದ್ದಳು. ಗಂಡ ಸತ್ತು ಮಣ್ಣಾದ, ಅವನ ಏಟಿಗೆ ಹೋದ ನನ್ನ ಎಡಗಿವಿ ಮಾತ್ರ ಬರಲಿಲ್ಲ. ಆದರೂ ಇಲ್ಲೇ ಇರು ಎಂದು ಮಗಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಅವಳೋ ಸಂಜೆಯಾದರೆ ಬಾಗಿಲನ್ನೇ ನೋಡುತ್ತಾ ಕೂರುತ್ತಿದ್ದಳು. ದುಸಿಕ್ ಕರೆದರೆ ಹೋಗಿಬಿಡುತ್ತಾಳೆ, ಮುಂದಿನ ಸಲ ಹೆಣವೇ ಬರುತ್ತದೆ ಎಂದು ನನಗೆ ಭಯ.

ಕೈ ಸುಮ್ಮನಿರಲಿಲ್ಲ. ಹುಡುಗಿಯಾಗಿದ್ದಾಗ ರೇಡಿಯೋ ಕಾರ್ಖಾನೆಯಲ್ಲಿ ಬೆಸುಗೆ ಹಾಕಿದವಳು ನಾನು. ಬೆಚ್ಚನೆಯ ನೆಲದ ಮೇಲೆ ಸ್ಪೀಕರು ಬಿಚ್ಚಿ ಹಾಕಿದೆ. ಶರತ್ಕಾಲದಲ್ಲಿ ಬಾಗಿಲಿನ ಮರದ ಚೌಕಟ್ಟಿಗೆ ಅಂಟಿಸಿ ಉಳಿದ ನಾರಿನ ಕಾಗದವಿತ್ತು. ಕತ್ತರಿ ಮುಟ್ಟಿಸದೆ ಅದನ್ನು ಕೈಯಲ್ಲೇ ಹರಿದೆ, ಅಂಚಿನ ಎಳೆಗಳು ಹಿಡಿದುಕೊಳ್ಳಲಿ ಎಂದು. ಅಕ್ಕಿ ಅಂಟನ್ನು ನೀರುನೀರಾಗಿ ಕಾಯಿಸಿದೆ. ದಪ್ಪ ಬಳಿದರೆ ದನಿ ಗೊಗ್ಗರಾಗುತ್ತದೆ. ಯೊನ್‌ಸಿಲ್ ಹರಿದ ಅಂಚುಗಳನ್ನು ಜೋಡಿಸಿ ಹಿಡಿದಳು. ನಾನು ಅದರ ಮೇಲೆ ಕಾಗದ ಹಚ್ಚಿ ಒಣಗಲು ಬಿಟ್ಟೆ.

ಹಳೇ ರೇಡಿಯೋ ನೂರು ವೋಲ್ಟಿನದು, ಗೋಡೆಯಲ್ಲಿ ಈಗ ಇನ್ನೂರಿಪ್ಪತ್ತು. ನಡುವೆ ಕರೆಂಟು ತಗ್ಗಿಸುವ ಕಬ್ಬಿಣದ ಪೆಟ್ಟಿಗೆಯೊಂದು ಬೇಕು. ಮನೆಯಲ್ಲೊಂದು ಇತ್ತು, ಅದಕ್ಕೆ ರೇಡಿಯೋ ಸಿಕ್ಕಿಸಿದೆ. ಹೆಂಗಸೊಬ್ಬಳ ಹಾಡು ಹೊರಬಂತು. ಸೀಳಿದ ತುಟಿಯಲ್ಲೇ ಮಗಳು ನಕ್ಕಳು.

ಮರುದಿನವೇ ದುಸಿಕ್ ಪೇರಳೆ ಬುಟ್ಟಿ ಹಿಡಿದು ಬಂದ. ಹಣೆ ನೆಲಕ್ಕೆ ತಾಗಿಸಿ ಅಡ್ಡಬಿದ್ದ. ಅಳಿಯ ಬಂದರೆ ಮೊಟ್ಟೆಯಿಡುವ ಕೋಳಿಯನ್ನೂ ಕೊಯ್ಯುವುದು ನಮ್ಮ ರೂಢಿ. ನಾನು ಬರೀ ಬಾರ್ಲಿ ನೀರು ಇಟ್ಟೆ. ಅವತ್ತು ಕುಡಿದಿದ್ದೆ, ಇನ್ನು ಹೆಂಡ ಮುಟ್ಟುವುದಿಲ್ಲ ಎಂದು ಗೊಳೋ ಎಂದು ಅತ್ತ. ಯೊನ್‌ಸಿಲ್ ಮುಖ ಕರಗುವುದು ಕಂಡಿತು. ಆಯಿತು, ಹೋದಳು ಎಂದುಕೊಂಡೆ.

ಅವಳನ್ನು ಒಲಿಸಲು ರೇಡಿಯೋ ಹಾಕುತ್ತೇನೆಂದು ಎದ್ದ. ಪೆಟ್ಟಿಗೆಯಿಂದ ವೈರು ಕಿತ್ತ. ಚಪ್ಪಟೆ ಪಿನ್ನಿಗೆ ಹಂದಿಮೂಗು ತೊಡಿಸಿದ. ಗೋಡೆಯ ದುಂಡು ತೂತಿಗೆ ಹೊಂದಿಸುವ ಬಿರಡೆಗೆ ನಾವು ಹಾಗನ್ನುತ್ತೇವೆ. ಅದು ಕರೆಂಟು ತಗ್ಗಿಸುವುದಿಲ್ಲ, ಊರಿನ ಅರ್ಧ ಫ್ಯಾನುಗಳು ಸುಟ್ಟಿದ್ದೇ ಅದರಿಂದ. ನಾನು ಬೇಡ ಎನ್ನುವಷ್ಟರಲ್ಲಿ ನೇರ ಗೋಡೆಗೆ ಚುಚ್ಚಿದ. ವಾಲ್ವು ಬೆಳ್ಳಗೆ ಉರಿದು ಢಮಾರ್ ಎಂದಿತು. ಹೊಗೆ ತುಂಬಿತು.

"ಮೊದ್ಲೇ ಬೊಗಳೋಕೆ ನಿನ್ ಬಾಯಿಗೇನಾಗಿತ್ತು?" ಎಂದು ಯೊನ್‌ಸಿಲ್‌ಗೆ ಬಾರಿಸಿದ. ನನ್ನ ಮನೆಯಲ್ಲಿ, ನನ್ನ ಕಣ್ಣೆದುರಿಗೆ, ಅದೇ ತುಟಿಗೆ. ರಕ್ತ ನೆಲಕ್ಕೆ ತೊಟ್ಟಿಕ್ಕಿತು.

ಕಬ್ಬಿಣದ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಅವನ ಬಲಗಾಲಿನ ಮೇಲೆ ಕುಕ್ಕಿದೆ. ಮೂಳೆ ಲಟಕ್ಕೆಂದಿತು. ಅವನು ಹಂದಿಯ ಹಾಗೆ ಅರಚಿದ. ಸುಳ್ಳು ಯಾಕೆ, ನನಗೆ ಹಿತವಾಯಿತು.

"ಒದ್ದಿದ್ದು ಇದೇ ಕಾಲಲ್ವೇನೋ?" ಎಂದು ಮತ್ತೆ ಎತ್ತಿದೆ, ಈ ಸಲ ತಲೆಗೆ. ಕೊಂದೇಬಿಡುತ್ತಿದ್ದೆ. ಯೊನ್‌ಸಿಲ್ ನನ್ನ ಮಣಿಕಟ್ಟು ಹಿಡಿದಳು. ಇನ್ನೂ ಅವನ ಕಡೆಗೇ ಇದ್ದಾಳೆ ಎಂದುಕೊಂಡೆ.

"ನಡಿಯೇ, ನಿಮ್ಮಮ್ಮಂಗೆ ಹುಚ್ಚು ಹಿಡಿದಿದೆ. ಚಪ್ಪಲಿ ಹಾಕ್ಕೋ," ಎಂದು ದುಸಿಕ್ ನರಳಿದ.

ಅವಳು ತುಟಿ ಒರೆಸಿಕೊಂಡು ಬಾಗಿಲ ಕಡೆ ನಡೆದಳು. ನನ್ನ ಕೈಯಿಂದ ಪೆಟ್ಟಿಗೆ ಜಾರಿತು.

"ಹೋಗ್ಬೇಡ ಕಣೇ," ಎಂದೆ. "ಯಾರು ಏನಾದ್ರೂ ಅನ್ಲಿ. ಇದು ನಿನ್ ಮನೆ."

ಅವಳು ತಿರುಗಿ ನೋಡಲಿಲ್ಲ. ಹೊಸ್ತಿಲಲ್ಲಿ ಕೂತು, ಹೊರಡುವ ಅತಿಥಿಗೆ ಇಡುವಂತೆ, ಗಂಡನ ಬೂಟುಗಳ ಮೂತಿಯನ್ನು ಓಣಿಯ ಕಡೆಗೆ ತಿರುಗಿಸಿಟ್ಟಳು. ಪಕ್ಕದಲ್ಲಿದ್ದ ತನ್ನ ಚಪ್ಪಲಿಗಳನ್ನು ಕೈಗೆತ್ತಿಕೊಂಡು ಧೂಳು ಕೊಡವಿದಳು. ಅವನ್ನು ಹಿಡಿದುಕೊಂಡೇ ಒಳಗೆ ಬಂದು ನನ್ನ ಪಕ್ಕ ನಿಂತಳು.