ಗಂಡನ ನಂಬರು

ಇಂದ್ರಾಬಾಯಿ ಗಂಡ ಶಿವಪುತ್ರನನ್ನು ಬಿಟ್ಟದ್ದೇನೋ ಹೌದು, ಆದರೆ ಆ ಮಹಾರಾಯ ಅವಳನ್ನು ಬಿಡಬೇಕಲ್ಲ! ಒಂದು ಚೀಲ ಬಟ್ಟೆ ಎತ್ತಿಕೊಂಡು ಬೊರಿವಲಿಯ ಒಂದು ಬಾಡಿಗೆ ಖೋಲಿ ಸೇರಿದ ದಿನ, ಪೀಡೆ ತೊಲಗಿತು ಎಂದು ಕಾಲು ಚಾಚಿ ಮಲಗಿದ್ದಳು. ಎಲ್ಲಿಯ ತೊಲಗುವುದು? ಗೋರೆಗಾಂವ್‌ನ ಕಾಲೊನಿಯಲ್ಲಿ ನಾಲ್ಕಾರು ಮನೆಗೆ ರೊಟ್ಟಿ ಬಡಿದು ಗೇಟು ದಾಟಿದರೆ ಸಾಕು, ಎದುರಿನ ಪಾನ್ ಅಂಗಡಿಯ ಮುಂದೆ ಅವನು ಹಾಜರು. ಬೇಗ ಹೊರಟರೂ ಅಲ್ಲೇ, ತಡಮಾಡಿ ಹೊರಟರೂ ಅಲ್ಲೇ. ಲೋಕಲ್ ರೈಲಿನ ಹೆಂಗಸರ ಡಬ್ಬಿಯ ಗುಂಪಿನಲ್ಲಿ ಸೇರಿ ಹೇಗೋ ತಪ್ಪಿಸಿಕೊಂಡು ಖೋಲಿ ಮುಟ್ಟುತ್ತಿದ್ದಳು. ತನ್ನ ಬೆನ್ನಿಗೆ ಯಾವುದೋ ದೆವ್ವ ಅಂಟಿಕೊಂಡು ಅವನಿಗೆ ಸುದ್ದಿ ಮುಟ್ಟಿಸುತ್ತಿದೆ ಎಂದು ಅವಳು ನಿಜವಾಗಿಯೂ ಹೆದರಿದಳು.

ದೆವ್ವವಲ್ಲ, ಗೇಟಿನ ಆ್ಯಪು. ಅದನ್ನು ಕಂಡುಹಿಡಿದವಳು ಸ್ನೇಹಲ್, ಇಂದ್ರಾಬಾಯಿ ರೊಟ್ಟಿ ಬಡಿಯುವ ಧಾರವಾಡದವರ ಮನೆಯ ಮಗಳು. ಕೆಲಸದವರು ಗೇಟಿನ ಕ್ಯಾಮೆರಾಕ್ಕೆ ಮುಖ ತೋರಿಸಿದೊಡನೆ ಬಂದರೆಂದೂ ಹೋದರೆಂದೂ ಮನೆಯವರಿಗೆ ಮೆಸೇಜು ಬರುತ್ತದೆ. ಕೆಲಸದವರ ನಂಬರಿಗೂ ಹೋಗುತ್ತದೆ. ಇಂದ್ರಾಬಾಯಿಯ ಮೊಬೈಲಿಗೆ ಅಂಥದ್ದೊಂದು ಎಂದೂ ಬಂದಿರಲಿಲ್ಲ.

"ಮೌಶಿ, ನಂಬರ್ ಯಾರದು ಕೊಟ್ಟಿದ್ದು?"

"ಆವಾಗ ನನ್ನ ಹಂತ್ಯಾಕ ಫೋನ್ ಎಲ್ಲಿತ್ತವ್ವ? ಮನಿ ನಂಬರ್ ಕೊಡು ಅಂದ್ರು, ಮನಿಯವ್ರ ನಂಬರ್ ಕೊಟ್ಟೆ. ಹೆಣ್ಮಕ್ಳು ಎಲ್ಲಾರೂ ಹಂಗ ಕೊಟ್ಟೇವಿ."

ಆ್ಯಪಿನವರಿಗೆ ನಂಬರು ಬದಲಿಸಿ ಎಂದರೆ ಹಳೆಯ ನಂಬರಿಗೆ ಬರುವ ಒಟಿಪಿ ಬೇಕಂತೆ. ಹೊಸದಾಗಿ ಸೇರಿಸಿ ಎಂದರೆ ಈ ಮುಖ ಆಗಲೇ ಇದೆಯಂತೆ. ತನ್ನ ಮುಖವೇ ತನಗೆ ಅಡ್ಡ ಬರುವುದೆಂದರೆ ಇದೇ ಇರಬೇಕು! ಕೆಲಸ ಬಿಡೋಣವೆಂದರೆ ಅವಳ ರೊಟ್ಟಿಯ ಮನೆಗಳೆಲ್ಲ ಅದೇ ಗೇಟಿನ ಒಳಗಿದ್ದವು.

ಸ್ನೇಹಲ್‌ಗೆ ಸಿಟ್ಟು ನೆತ್ತಿಗೇರಿತು. ಇಂದ್ರಾಬಾಯಿಯ ಬಗ್ಗೆ ನಿಮ್ಮ ಬಳಿ ಏನೇನಿದೆ, ಯಾರಿಗೆ ಕಳಿಸುತ್ತೀರಿ, ಹೇಳಿ ಎಂದು ಆ್ಯಪಿನ ಕಂಪನಿಗೆ ಬರೆದಳು. ಕಂಪನಿ ತುಟಿ ಬಿಚ್ಚಲಿಲ್ಲ. ಇಂಥ ದೂರು ಕೇಳುವುದಕ್ಕೆಂದೇ ಇರುವ ಸರಕಾರಿ ಕಚೇರಿಗೆ ಇಂದ್ರಾಬಾಯಿಯ ಹೆಸರಿನಲ್ಲಿ ಬರೆದಳು. ಆ ಕಚೇರಿ ಭಾರಿ ಚುರುಕಿನದು ನೋಡಿ! ಕಂಪನಿಯನ್ನು ಗದರಿಸಿತು, ದೂರನ್ನು ಮುಚ್ಚಿತು, ಸ್ನೇಹಲ್‌ಗೆ ಉತ್ತರವನ್ನೂ ಬರೆಯಿತು. ಅರ್ಜಿದಾರರ ಮಾಹಿತಿಯನ್ನೆಲ್ಲ ಅವರ ನೋಂದಾಯಿತ ಮೊಬೈಲಿಗೆ ಕಳಿಸಲಾಗಿದೆ ಎಂದು ಅದರಲ್ಲಿತ್ತು.

ಆ ಸಂಜೆ ಪಾನ್ ಅಂಗಡಿಯ ಮುಂದೆ ಶಿವಪುತ್ರ ಇರಲಿಲ್ಲ. ಅಬ್ಬಾ ಎಂದುಕೊಂಡು ಇಂದ್ರಾಬಾಯಿ ಲೋಕಲ್ ಹತ್ತಿದಳು. ಬೊರಿವಲಿಯಲ್ಲಿ ಇಳಿದು ಖೋಲಿಗೆ ಬಂದರೆ ಹೊಸ್ತಿಲ ಮೇಲೆ ಕೂತಿದ್ದ.

"ನಿನ್ನ ಅಡ್ರೆಸ್ ಬಂತು," ಎಂದು ಮೊಬೈಲ್ ಎತ್ತಿ ತೋರಿಸಿದ. "ಹುಡುಕಿ ಹುಡುಕಿ ಸಾಕಾಗಿತ್ತು ನೋಡು."

ವಾಚ್‌ಮನ್ ಕೇಳಿದನೆಂದು ಅವಳೇ ಗೇಟಿನಲ್ಲಿ ಬರೆಸಿದ್ದ ಹೊಸ ವಿಳಾಸ ಅದು. ಅವಳು ಕೂಗಿಕೊಂಡಳು. ಅಕ್ಕಪಕ್ಕದವರು ಹೊರಗೆ ಬಂದದ್ದರಿಂದ ಅವನು ಎದ್ದು ಹೋದ.

ಮರುದಿನ ಇದನ್ನು ಕೇಳಿ ಸ್ನೇಹಲ್ ಅತ್ತೇಬಿಟ್ಟಳು. ಆ ಕಚೇರಿ ಮಾಡಿದ್ದು ತಪ್ಪು, ಅದರ ಮೇಲೆಯೇ ಅಪೀಲು ಹಾಕೋಣ ಎಂದಳು.

"ನೀ ಅರ್ಜಿ ಬರದಂಗೆಲ್ಲಾ ಅಂವ ಹತ್ರ ಹತ್ರ ಬರಾಕತ್ಯಾನವ್ವ," ಎಂದು ಇಂದ್ರಾಬಾಯಿ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. ಆಮೇಲೆ, "ಆತು, ಬರಿ. ಇನ್ನ ಅಂವಗ ಹತ್ರ ಬರಾಕ ಜಾಗಾರ ಎಲ್ಲಿ ಉಳದೈತಿ," ಎಂದಳು.

ವಿಚಾರಣೆ ಫೋರ್ಟ್‌ನ ಹಳೆಯ ಕಟ್ಟಡವೊಂದರಲ್ಲಿ. ಇಬ್ಬರೂ ಮೆಟ್ಟಿಲು ಹತ್ತಿ ಹೋದರೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಶಿವಪುತ್ರ ಬೆಂಚಿನ ಮೇಲೆ ಕೂತಿದ್ದ. ತಾರೀಕಿನ ಕಾಗದ ಸ್ನೇಹಲ್‌ಗೆ ಬಂದಿತ್ತು, ನೋಂದಾಯಿತ ಮೊಬೈಲಿನ ಮೆಸೇಜು ಅವನಿಗೆ ಹೋಗಿತ್ತು. "ಬಾ, ಕೂಡು," ಎಂದು ಸರಿದು ಜಾಗ ಬಿಟ್ಟುಕೊಟ್ಟ. ಇಂದ್ರಾಬಾಯಿ ಕೂಡದೆ ಎದುರಿನ ಗೋಡೆಗೆ ಹೋಗಿ ನಿಂತಳು.

ಹೆಸರು ಕರೆದಾಗ ಅವಳಿಗಿಂತ ಮೊದಲು ಅವನೇ ಅಪೀಲು ಕೇಳುವ ಸಾಹೇಬರ ಕೋಣೆಗೆ ನುಗ್ಗಿದ. ಗಂಡ ಹೆಂಡಿರ ಜಗಳ ಸಾಹೇಬ್, ಅರ್ಜಿ ವಾಪಸ್ ತಗೋತೀವಿ ಎಂದು ಹಿಂದಿಯಲ್ಲಿ ಹೇಳಿ ಮೊಬೈಲ್ ಮುಂದೆ ಹಿಡಿದ. ಗುಮಾಸ್ತ ಕಂಪ್ಯೂಟರು ನೋಡಿ, "ನಂಬರ್ ಸರಿಯಾಗಿದೆ ಸರ್," ಎಂದ.

"ಇದ ನನ್ನ ದೂರು!" ಇಂದ್ರಾಬಾಯಿ ಚೀರಿದಳು. "ಇಂವಗ ಇಲ್ಲಿಗಿ ಬಾ ಅಂತ ಯಾರು ಹೇಳಿದ್ರು? ನಾ ಹೇಳಿಲ್ಲ, ಈ ಹುಡುಗಿ ಹೇಳಿಲ್ಲ. ನೀವ ಕರಿಸೀರಿ! ನನ್ನ ಮನಿ ತೋರ್ಸಿದವ್ರೂ ನೀವ!"

ಸ್ನೇಹಲ್ ಅದನ್ನು ಹಿಂದಿಗೆ ತಿರುಗಿಸಿದಳು. ಸಾಹೇಬರ ಮುಖ ಕಪ್ಪಿಟ್ಟಿತು. ಮನುಷ್ಯ ಕೆಟ್ಟವನಲ್ಲ. ದೂರು ಮುಚ್ಚಿದ್ದು ತಪ್ಪು, ಆ ಆದೇಶ ರದ್ದು, ಈ ನಂಬರನ್ನು ಈಗಲೇ ತೆಗೆದು ಇವರದನ್ನು ಹಾಕಿ ಎಂದು ಗುಮಾಸ್ತನಿಗೆ ಹೇಳಿದರು.

"ಗೆದ್ದೆವು ಮೌಶಿ," ಎಂದು ಸ್ನೇಹಲ್ ಅವಳ ಕೈ ಹಿಡಿದಳು. ಎಷ್ಟೋ ತಿಂಗಳ ಮೇಲೆ ಇಂದ್ರಾಬಾಯಿಗೆ ಉಸಿರು ಪೂರ್ತಿ ಒಳಗೆ ಹೋಯಿತು.

ಗುಮಾಸ್ತ ಕೀಲಿ ಒತ್ತಿದ. ಶಿವಪುತ್ರನ ಕಿಸೆಯಲ್ಲಿ ಮೊಬೈಲು ಟಿಣ್ ಎಂದಿತು.

"ಒಟಿಪಿ ಹೇಳಿ," ಎಂದ ಗುಮಾಸ್ತ. "ಅದಿಲ್ಲದೆ ಇದು ಮುಂದೆ ಹೋಗಲ್ಲ ಸರ್," ಎಂದು ಸಾಹೇಬರ ಕಡೆ ತಿರುಗಿದ. ಸಾಹೇಬರು ಮೇಜಿನ ಮೇಲಿನ ಗಾಜನ್ನು ನೋಡುತ್ತ ಕೂತರು.

ಶಿವಪುತ್ರ ಮೆಸೇಜು ಓದಿಕೊಂಡು, ಮೊಬೈಲನ್ನು ಮತ್ತೆ ಕಿಸೆಗೆ ಹಾಕಿ ಗುಂಡಿ ಹಚ್ಚಿಕೊಂಡ. "ಮನೀಗಿ ನಡಿ ಇಂದ್ರಾ, ಅಲ್ಲಿ ಹೇಳ್ತೀನಿ," ಎಂದು ಹೋಗಿ ಬಾಗಿಲಲ್ಲಿ ನಿಂತ.

ಇಂದ್ರಾಬಾಯಿ ಸಾಹೇಬರ ಎದುರಿನ ಕುರ್ಚಿ ಎಳೆದು ಕೂತು, ಅದರ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಳು.

"ನಾ ಇಲ್ಲಿಂದ ಏಳಂಗಿಲ್ಲ," ಎಂದಳು.