ಇಪ್ಪತ್ತು ಸೆಕೆಂಡಿನ ತುಣುಕು

ಮಗಳ ನಿಶ್ಚಿತಾರ್ಥದ ಡಿವಿಡಿಗಾಗಿ ಮಂಜಪ್ಪ ಭದ್ರಾವತಿಯಿಂದ ಶಿವಮೊಗ್ಗದ ಬಸ್ಸು ಹತ್ತಿದ್ದು ಅದು ಮೂರನೇ ಸಲ. ಮೊದಲನೇ ಡಿವಿಡಿ ಸರಿಯಾಗಿ ಉಂಗುರ ತೊಡಿಸುವ ಹೊತ್ತಿಗೆ ನಿಂತು, ಬೀಗರ ಮುಖವನ್ನೆಲ್ಲ ಚೌಕ ಚೌಕ ಮಾಡಿಟ್ಟಿತ್ತು. ಎರಡನೆಯದು ಕೊನೆಯವರೆಗೂ ಓಡಿತು, ಆದರೆ ತುಟಿಪಿಟಕ್ಕೆನ್ನಲಿಲ್ಲ. ಓಲಗದವರು ಕೆನ್ನೆ ಉಬ್ಬಿಸಿ ಊದುತ್ತಿದ್ದರೆ ಮನೆಯಲ್ಲಿ ಕೇಳಿಸಿದ್ದು ಫ್ಯಾನಿನ ಸದ್ದು. ತಪ್ಪೆಲ್ಲ ತಮ್ಮ ಕಾಂತರಾಜನದು ಎಂದು ಮಂಜಪ್ಪ ತೀರ್ಮಾನಿಸಿಯಾಗಿತ್ತು. ಹೊಸ ಎಚ್‌ಡಿ ಕ್ಯಾಮೆರಾ ಕೊಂಡ ಗತ್ತಿನಲ್ಲಿ, ವಿಡಿಯೋದವರು ಬೇಡವೇ ಬೇಡ ಎಂದು ತಾನೇ ಚಿತ್ರ ತೆಗೆದ ಮಹಾಶಯ ಅವನು.

ರವೀಂದ್ರನಗರದ ಮನೆಯ ಮುಂದಿನ ಕೋಣೆಯಲ್ಲೇ ಎಡಿಟಿಂಗ್ ಮಾಡುತ್ತಿದ್ದ ಕವನ, ಮಂಜಪ್ಪನ ಮುಖ ಕಂಡೊಡನೆ ಕುರ್ಚಿ ಎಳೆದು ಕೊಟ್ಟಳು.

"ಬೈಬೇಡಿ ಅಂಕಲ್. ಈ ಕ್ಯಾಮೆರಾ ಸೌಂಡನ್ನ ಬೇರೆ ಫಾರ್ಮ್ಯಾಟಲ್ಲಿ ಇಡುತ್ತೆ, ನನ್ನ ಸಾಫ್ಟ್‌ವೇರ್‌ಗೆ ಅದು ಗೊತ್ತೇ ಆಗಲ್ಲ. ಬದಲಾಯಿಸಿ ನೋಡ್ತೀನಿ."

"ಇಡೀ ದಿನ ಹಿಡಿಯುತ್ತೇನಮ್ಮಾ?"

"ಪೂರ್ತಿ ವಿಡಿಯೋನ ರೆಂಡರ್‌ಗೆ, ಅಂದ್ರೆ ಹೊಸದಾಗಿ ತಯಾರಾಗೋಕೆ, ಹಾಕಿದ್ರೆ ಹೌದು. ಈಗ ಇಪ್ಪತ್ತು ಸೆಕೆಂಡಿನ ಒಂದು ತುಣುಕು ತಗೊಳ್ಳೋಣ. ಅದರಲ್ಲಿ ಸೌಂಡ್ ಬಂದ್ರೆ ಎಲ್ಲದರಲ್ಲೂ ಬರುತ್ತೆ."

ಅವಳು ಆರಿಸಿದ ತುಣುಕಿನಲ್ಲಿ ಮಗಳು ಇಂಪನಾ ಕುರ್ಚಿಯ ಮೇಲೆ ಕೂತಿದ್ದಳು. ಹೆಂಡತಿ ಹಾಲಮ್ಮ ಬಗ್ಗಿ ಅವಳ ಮುಡಿಯ ಮಲ್ಲಿಗೆ ಸರಿಮಾಡುತ್ತಿದ್ದಳು. ಆ ಹೊತ್ತಿಗೆ ತಾನು ಊಟದ ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಿದ್ದದ್ದು ಮಂಜಪ್ಪನಿಗೆ ನೆನಪಾಯಿತು. ಮನೆಯ ಟಿವಿಯಲ್ಲಿ ಮಸುಕಾಗಿದ್ದದ್ದೆಲ್ಲ ಇಲ್ಲಿ ಸ್ಪಷ್ಟವಾಗಿತ್ತು, ಹೆಂಡತಿಯ ಓಲೆಯ ಹರಳುಗಳನ್ನು ಎಣಿಸಬಹುದಿತ್ತು. ಅವನಿಗೆ ಖುಷಿಯಾಯಿತು.

ಸದ್ದು ಬರಲಿಲ್ಲ. ಕವನ ಏನೋ ಬದಲಿಸಿ, ಐದು ನಿಮಿಷ ಕಾದು, ಅದೇ ತುಣುಕು ಮತ್ತೆ ಓಡಿಸಿದಳು. ಸದ್ದಿಲ್ಲ. ಮೂರನೇ ಸಲ ಮಂಜಪ್ಪನ ಕಣ್ಣು ಓಲೆ ಬಿಟ್ಟು ಮಗಳ ಬಾಯಿಗೆ ಹೋಯಿತು.

ಮೂವತ್ತೊಂದು ವರ್ಷ ಉಕ್ಕಿನ ಕಾರ್ಖಾನೆಯ ರೋಲಿಂಗ್ ಮಿಲ್ಲಿನಲ್ಲಿ ದುಡಿದವನು ಅವನು. ಆ ಸದ್ದಿನಲ್ಲಿ ಕಿವಿ ನಂಬಿ ಕೂತರೆ ಕೈಯೇ ಹೋಗುತ್ತಿತ್ತು; ಎದುರಿನವನ ತುಟಿ ನೋಡಿಯೇ ಎಲ್ಲ ಕೆಲಸ. ತಮಿಳಿನವರ, ತೆಲುಗಿನವರ ತುಟಿಗಳನ್ನೆಲ್ಲ ಓದಿದವನಿಗೆ ಹೆತ್ತ ಮಗಳ ತುಟಿ ಕಷ್ಟವೇ? ಸದ್ದಿದ್ದಿದ್ದರೆ ಓಲಗ ಕೇಳಿಕೊಂಡು ತಲೆ ತೂಗುತ್ತಿದ್ದನೋ ಏನೋ.

"ನಂಗೆ ಬೇಡ" ಎಂಬುದಷ್ಟೇ ಮೊದಲು ಸಿಕ್ಕಿತು. ಹೂವು ಬೇಡವೆಂದಿರಬೇಕು ಅಂದುಕೊಂಡ. ನಾಲ್ಕನೇ ಸಲ ಹೂವಿನ ಮಾತಲ್ಲವೆಂದು ತಿಳಿಯಿತು. ಐದನೇ ಸಲ ಪೂರ್ತಿ ಸಿಕ್ಕಿತು.

"ಅಮ್ಮಾ, ನಂಗೆ ಈ ಮದುವೆ ಬೇಡ. ಅಪ್ಪಂಗೆ ಹೇಳ್ಬೇಡ. ಮಿಲ್ ಬಿಟ್ಟ ಮೇಲೆ ಇವತ್ತೇ ಅವರು ನಗ್ತಿರೋದು."

ಹಾಲಮ್ಮನ ಉತ್ತರವೂ ಸಿಕ್ಕಿತು. "ಸುಮ್ನಿರೇ, ಕ್ಯಾಮೆರಾ ಇದೆ."

ಆರನೇ ಸಲ ಓಲಗ ಕೋಣೆ ತುಂಬಿತು. "ಬಂತು ಅಂಕಲ್!" ಎಂದು ಕವನ ಚಪ್ಪಾಳೆ ತಟ್ಟಿದಳು. ಮಗಳ ದನಿ ಆ ಗದ್ದಲದಲ್ಲಿ ಎಲ್ಲೂ ಇರಲಿಲ್ಲ.

"ಪೂರ್ತಿ ರೆಂಡರ್‌ಗೆ ಹಾಕ್ಲಾ? ಬೀಗರಿಗೂ ಒಂದು ಕಾಪಿ ಬೇಕು ಅಂದಿದ್ರಿ."

"ಈಗ್ಲೇ ಬೇಡಮ್ಮಾ. ಫೋನ್ ಮಾಡ್ತೀನಿ."

ಬಸ್ಸಿನಲ್ಲಿ ಕೂತು ಅವನು ಒಬ್ಬೊಬ್ಬರ ಮೇಲೂ ಸಿಟ್ಟಾದ. ಬಾಯಿ ಮುಚ್ಚಿಕೊಂಡಿದ್ದ ಹಾಲಮ್ಮನ ಮೇಲೆ, ಕಾಂತರಾಜನ ಮೇಲೆ, ಪಾಪ, ಏನೂ ಮಾಡದ ಮದುವೆ ಹುಡುಗ ಭೀಮೇಶನ ಮೇಲೆ. ಬಸ್ಸು ಭದ್ರಾವತಿ ಮುಟ್ಟುವಷ್ಟರಲ್ಲಿ ಬೈಯಲು ಇನ್ಯಾರೂ ಉಳಿದಿರಲಿಲ್ಲ. ಹುಡುಗ ನೋಡಿಹೋದ ದಿನ "ಪರವಾಗಿಲ್ವಾ?" ಎಂದು ಮಗಳನ್ನು ಕೇಳಿದವನು ತಾನೇ. ಅವಳು ತಲೆ ಎತ್ತುವ ಮೊದಲೇ "ಪರವಾಗಿಲ್ಲ ಬಿಡು" ಎಂದು ಉತ್ತರ ಕೊಟ್ಟವನೂ ತಾನೇ. ನಾಚಿಕೆಯಾಯಿತು.

ಇಂಪನಾ ಬಟ್ಟೆ ಮಡಿಸುತ್ತಿದ್ದಳು. "ಸೌಂಡ್ ಬಂತಾ ಅಪ್ಪಾ?"

"ಬಂತು. ಅದಕ್ಕೆ ಮುಂಚೆ ನಿನ್ನ ಮಾತು ಬಂತು." ಅವನು ಅವಳಂದದ್ದನ್ನು ಒಂದಕ್ಷರ ಬಿಡದೆ ಹೇಳಿದ. ಅಡಿಗೆಮನೆಯಿಂದ ಹಾಲಮ್ಮ ಸೌಟು ಹಿಡಿದೇ ಬಂದು ಬಾಗಿಲಲ್ಲಿ ನಿಂತಳು.

"ಯಾಕಮ್ಮಾ ಬೇಡ?"

"ಅವರು ಒಳ್ಳೆಯವರೇ ಅಪ್ಪಾ. ನಂಗೇ ಮನಸ್ಸಿಲ್ಲ. ನೀವು ಅಷ್ಟು ಖುಷಿಯಾಗಿ ಓಡಾಡ್ತಿದ್ರಿ, ಹೇಗೆ ಹೇಳ್ಲಿ?"

"ನಿಂಗೆ ಇಷ್ಟ ಆಗಿದೆ ಅಂತ ತಾನೇ ಮಾರಾಯ್ತಿ, ನಾನು ನಕ್ಕಿದ್ದು!"

ಇಂಪನಾ ಮಡಿಸಿದ ಬಟ್ಟೆಯಲ್ಲೇ ಮುಖವಿಟ್ಟು ಅತ್ತಳು. "ಜನ ಏನಂತಾರೆ, ಸ್ವಲ್ಪ ಯೋಚ್ನೆ ಮಾಡ್ರಿ" ಎಂದು ಹಾಲಮ್ಮ ಮೆಲ್ಲಗೆ ಹೇಳಿದಳು. ಅವನು ಆಗಲೇ ಹುಡುಗನ ಅಪ್ಪ ಈಶ್ವರಪ್ಪನ ನಂಬರ್ ಒತ್ತಿದ್ದ.

"ಡಿವಿಡಿ ರೆಡಿ ಆಯ್ತಾ ಬೀಗರೇ?" ಎಂದು ಆ ಕಡೆಯಿಂದ ಸಡಗರದ ದನಿ.

"ಇಲ್ಲ ಈಶ್ವರಪ್ಪನವರೇ. ನಾಳೆ ಬಂದು ಎದುರಿಗೇ ಹೇಳ್ತೀನಿ. ನಂದೊಂದು ದೊಡ್ಡ ತಪ್ಪಾಗಿದೆ. ಮಗಳನ್ನ ಕೇಳದೆ ನಿಮಗೆ ಮಾತು ಕೊಟ್ಟುಬಿಟ್ಟಿದ್ದೀನಿ."