ಕುರ್ಚಿ ಒಳಗೆ ಬಂದ ದಿನ

ಅತ್ತೆ ನೀಲಿ ಕುರ್ಚಿಗಳನ್ನು ಅಂಗಳಕ್ಕೆ ತಂದು ಸಮುದ್ರಕ್ಕೆ ಮುಖ ಮಾಡಿ ಇಟ್ಟರೆಂದರೆ ನಮ್ಮ ಮನೆಯಲ್ಲಿ ಸೀಸನ್ ಶುರು. ಕುರ್ಚಿ ಮತ್ತೆ ಒಳಗೆ ಬರುವ ತನಕ ಯಾರೂ ಊರ ಧಾಟಿಯಲ್ಲಿ ಮಾತಾಡುವ ಹಾಗಿಲ್ಲ, ಅಡುಗೆಮನೆಯಲ್ಲೂ. ಬಾಡಿಗೆಯ ಕೋಣೆಗಳಿಗೂ ನಮಗೂ ನಡುವೆ ಇರುವುದು ತೆಳು ಹಲಗೆಯ ಗೋಡೆ. ಮಾತಿನ ಕೊನೆಯನ್ನು ರಾಗವಾಗಿ ಎಳೆಯುವ ಇಲ್ಲಿಯವರ ಧಾಟಿ ಕೇಳಿ ಹಿಂದೊಮ್ಮೆ ಅತಿಥಿಗಳು ಅಣಕಿಸಿ ನಕ್ಕಿದ್ದರಂತೆ. ಅಂದಿನಿಂದ ಅತ್ತೆಯ ಈ ಕಾನೂನು.

ನಾನು ಸೊಸೆ, ಪಟ್ಟಣದವಳು, ನನಗೇನೂ ಕಷ್ಟವಿಲ್ಲ. ಕಷ್ಟ ಮಾವನಿಗೆ. ಚಿಕ್ಕಂದಿನಿಂದ ದೋಣಿ ರಿಪೇರಿ ಮಾಡಿಕೊಂಡಿರುವ ಅವರ ನಾಲಿಗೆಗೆ ಪೇಟೆಯ ಮಾತು ಹತ್ತುವುದೇ ಇಲ್ಲ. ಹಾಗಾಗಿ ಸೀಸನ್ ಉದ್ದಕ್ಕೂ ಬಾಯಿಗೆ ಬೀಗ. ಕುರ್ಚಿ ಒಳಗೆ ಬಂದ ಸಂಜೆ ಮಾತ್ರ ಅವರನ್ನು ಹಿಡಿಯುವವರಿಲ್ಲ. ದೋಣಿಕಟ್ಟೆಯ ಸುದ್ದಿ, ಅತ್ತೆಯ ನಡಿಗೆಯ ಅಣಕ, ನಕ್ಕು ನಕ್ಕು ಹೊಟ್ಟೆ ಹುಣ್ಣಾಗಬೇಕು. ಮದುವೆಯಾಗಿ ಬಂದ ಹೊಸತರಲ್ಲಿ ಇದು ನನ್ನ ಮನೆ ಅನ್ನಿಸಿದ್ದೇ ಆ ಮಾತಿನಿಂದ.

ಮೊದಲೆಲ್ಲ ಜನ ಬೇಸಿಗೆಗೆ ಮಾತ್ರ ಬರುತ್ತಿದ್ದರು. ಈಗ ಚಳಿಗೂ ಬರುತ್ತಾರೆ, ಮಳೆ ನೋಡಲಿಕ್ಕೂ ಬರುತ್ತಾರೆ. ಸಂಪಾದನೆಗೆ ಒಳ್ಳೆಯದೇ. ಆದರೆ ಕಳೆದ ವರ್ಷದಿಂದ ಕುರ್ಚಿ ಒಳಗೆ ಬಂದೇ ಇಲ್ಲ. ಮಾವ ತಲೆಯಾಡಿಸುತ್ತಾರೆ, ಕೈಸನ್ನೆ ಮಾಡುತ್ತಾರೆ, ಅಷ್ಟೆ.

ಮೊನ್ನೆ ನನ್ನ ಪುಟ್ಟ ಮಗಳು ಅವರೆದುರೇ ಕೇಳಿದಳು, "ಅಮ್ಮಾ, ಅಜ್ಜಂಗೆ ಮಾತು ಬರಲ್ವಾ?"

ಮಾವ ಎದ್ದು ಹೊರಗೆ ಹೋದರು.

ಅತ್ತೆಯ ಜೊತೆ ವಾದಕ್ಕಿಳಿದು ಗೆದ್ದವರಿಲ್ಲ. ಮರುದಿನ ಬೆಳಿಗ್ಗೆ, ಕೋಣೆಗಳೆಲ್ಲ ತುಂಬಿರುವಾಗಲೇ, ಅಂಗಳದಿಂದ ಒಂದು ಕುರ್ಚಿ ಎತ್ತಿ ತಂದು ಅಡುಗೆಮನೆಯಲ್ಲಿ ಹಾಕಿದೆ.

"ಕೂತ್ಕೊಳ್ಳಿ ಮಾವ. ಕುರ್ಚಿ ಒಳಗೆ ಬಂತು."

ಮಾವ ಕುರ್ಚಿ ನೋಡಿದರು, ಹಲಗೆಯ ಗೋಡೆ ನೋಡಿದರು. ಆಮೇಲೆ ಕೂತು ಮೊಮ್ಮಗಳನ್ನು ತೊಡೆಗೆ ಎಳೆದುಕೊಂಡರು.

"ನಿಮ್ಮಜ್ಜಿ ಒಂದ್ಸಲ ದೋಣಿ ಹತ್ತೋಕೆ ಹೋಗಿ ಸೀದಾ ನೀರಿಗೆ ಬಿದ್ಲು, ಗೊತ್ತಾ?"

ಕೊನೆಯ ಪದವನ್ನು ಎಳೆದ ರಾಗ ಸಮುದ್ರದ ತನಕ ಹೋಗಿರಬೇಕು. ಮಗಳು ಬಾಯಿ ಬಿಟ್ಟುಕೊಂಡು ಅಜ್ಜನನ್ನೇ ನೋಡಿದಳು. ಗೋಡೆಯಾಚೆ ತಟ್ಟೆ ಚಮಚಗಳ ಸದ್ದು ನಿಂತಿತು.

ಅತಿಥಿಗಳಿಗೆ ಟೀ ಕೊಡುತ್ತಿದ್ದ ಅತ್ತೆ ಟ್ರೇ ಸಮೇತ ಬಾಗಿಲಿಗೆ ಬಂದರು. ಮುಖ ಕೆಂಪಾಗಿತ್ತು.

"ನಾನ್ಯಾಕೆ ಬೀಳ್ಲಿ? ಹಗ್ಗ ಬಿಟ್ಟಿದ್ದು ನೀವು. ಇಷ್ಟು ವಯಸ್ಸಾದ್ರೂ ಸುಳ್ಳು ಹೇಳೋದು ಬಿಟ್ಟಿಲ್ಲ."

ಇಡೀ ಮನೆಗೆ ಕೇಳುವಷ್ಟು ಜೋರಾಗಿ, ಮಾವನಿಗಿಂತ ಉದ್ದ ರಾಗ ಎಳೆದು ಗದರಿದ್ದರು.

ಗೋಡೆಯಾಚೆಯಿಂದ ಅತಿಥಿ ಹೆಂಗಸೊಬ್ಬರು ನಗುತ್ತಾ ಕೇಳಿದರು, "ಆಮೇಲೆ ಏನಾಯ್ತು? ಯಾರು ಎತ್ತಿದ್ರು?"

ಅತ್ತೆ ನಾಲಿಗೆ ಕಚ್ಚಿಕೊಂಡರು. ಟ್ರೇ ಕೆಳಗಿಟ್ಟು ಸರಸರ ಅಂಗಳಕ್ಕೆ ಹೋದರು. ಇವತ್ತು ನನಗೆ ಗ್ರಹಚಾರ ಕಾದಿದೆ ಅಂದುಕೊಂಡೆ. ಅತ್ತೆ ಇನ್ನೊಂದು ಕುರ್ಚಿ ಎತ್ತಿಕೊಂಡು ಬಂದು ಮಾವನ ಪಕ್ಕ ಹಾಕಿ ಕೂತರು.

"ಇವರೇ ಎತ್ತಿದ್ದು," ಎಂದರು ಗೋಡೆಯ ಕಡೆ ತಿರುಗಿ, ಅದೇ ಊರ ಧಾಟಿಯಲ್ಲಿ. "ಆದ್ರೆ ನಕ್ಕು ಮುಗಿದ ಮೇಲೆ."